ಕರೆಂಟ್ ಡಾಕ್ಟ್ರ ಬಾಚಣಿಗೆ

ಕರೆಂಟ್ ಡಾಕ್ಟ್ರ ಫೋಟೋಗೆ ಹಾರ ಹಾಕಬೇಕಾದವಳು ನಾನೇ ಎಂದು ನರ್ಸಿಂಗ್ ಹೋಮಿನವರು ತೀರ್ಮಾನಿಸಿಬಿಟ್ಟಿದ್ದರು. ಅವರ ನಂತರ ಆ ಕೋಣೆಯಲ್ಲಿ ಕುಳಿತವಳು ನಾನು ಎಂಬ ಒಂದು ಕಾರಣ ಬಿಟ್ಟರೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಫೋಟೋವನ್ನು ಗೋಡೆಯಲ್ಲಿ ಸಾಕಷ್ಟು ಎತ್ತರದಲ್ಲಿ ತೂಗುಹಾಕಿದ್ದರು. ಆಯಾ ಕಮಲಕ್ಕ ಸೇವಂತಿಗೆ ಹಾರವನ್ನು ತಂದು ನನ್ನ ಕೈಗೆ ಕೊಟ್ಟರು.

"ನಂಗೆ ಭುಜ ಹಿಡ್ಕೊಂಡಿದೆ ಕಮಲಕ್ಕ. ಕೈ ಮೇಲೆ ಹೋಗಲ್ಲ. ನೀವೇ ಹಾಕಿ," ಎಂದೆ.

"ಅಯ್ಯೋ, ಯಾವಾಗಿಂದ ಮೇಡಂ?" ಎಂದು ಕೇಳಿ, ಕಮಲಕ್ಕ ಫೋಟೋದ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಅವ್ರು ಇದ್ದಿದ್ರೆ ಹತ್ತು ಕರೆಂಟಲ್ಲಿ ಸರಿ ಮಾಡ್ತಿದ್ರು."

ನನ್ನ ಭುಜಕ್ಕೆ ಏನೂ ಆಗಿಲ್ಲ. ಸುಳ್ಳು ಹೇಳುವುದು ನನ್ನ ಅಭ್ಯಾಸವೂ ಅಲ್ಲ. ಆದರೆ ಆ ಫೋಟೋದ ಮುಂದೆ ಕೈ ಎತ್ತಿದ್ದರೆ ಅದು ಇನ್ನೂ ದೊಡ್ಡ ಸುಳ್ಳಾಗುತ್ತಿತ್ತು.

ಫಿಸಿಯೋಥೆರಪಿ ಎಂಬ ಮಾತು ನಮ್ಮ ಮೂಡಿಗೆರೆಯ ಸುತ್ತ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಜನ ಅದನ್ನು "ಕರೆಂಟ್ ಇಡಿಸ್ಕೊಳ್ಳೋದು" ಎನ್ನುತ್ತಾರೆ. ಮಾತ್ರೆಗಳನ್ನು ಎಣಿಸಿದ ಹಾಗೆ ಕರೆಂಟನ್ನೂ ಎಣಿಸುತ್ತಾರೆ. "ನಂಗೆ ಹತ್ತು ಕರೆಂಟ್ ಬರ್ದಿದಾರೆ, ಆರು ಆಯ್ತು, ನಾಲ್ಕು ಬಾಕಿ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಈ ಎಣಿಕೆಯನ್ನು ಊರಿಗೆ ಕಲಿಸಿದವರು ಅವರು. ಆದ್ದರಿಂದ ಅವರಿಗೆ ಕರೆಂಟ್ ಡಾಕ್ಟ್ರು ಎಂಬ ಹೆಸರು ಬಂತು. ಅವರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೂ ಗುರುತು ಹಿಡಿಯುವವರು ಕಡಿಮೆ.

ಅವರು ಮೊದಲು ಎಕ್ಸ್‌ರೇ ಕೋಣೆಯಲ್ಲಿ ಸಹಾಯಕರಾಗಿದ್ದರಂತೆ. ತೊಂಬತ್ತರ ದಶಕದ ಆರಂಭದಲ್ಲಿ ನರ್ಸಿಂಗ್ ಹೋಮಿಗೆ ಶಾಖ ಕೊಡುವ ಯಂತ್ರವೊಂದು ಬಂತು. ಅದನ್ನು ಜೋಡಿಸಲು ಬಂದ ಕಂಪನಿಯವನು ಎರಡು ದಿನ ಉಳಿದು, ಯಾವ ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂದು ತೋರಿಸಿಕೊಟ್ಟು ಹೋದ. ಮೂರನೆಯ ದಿನ ಇವರು ಬಿಳಿ ಕೋಟು ಹಾಕಿದರು. ಅವರ ವಿದ್ಯಾಭ್ಯಾಸದ ಬಗ್ಗೆ ಹೇಳುವುದಕ್ಕೆ ಇರುವುದು ಇಷ್ಟೇ.

ಕೋಟಿನ ಮೇಲಿನ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಕಪ್ಪು ಬಾಚಣಿಗೆ ಇರುತ್ತಿತ್ತು. ತಲೆತುಂಬ ಕೂದಲಿತ್ತು, ಅದರ ಮೇಲೆ ಅವರಿಗೆ ಅಭಿಮಾನವೂ ಇತ್ತು. ಪ್ರತಿ ರೋಗಿ ಒಳಗೆ ಬರುವ ಮೊದಲು ಬಾಚಣಿಗೆ ತೆಗೆದು, ಹಣೆಯಿಂದ ಕುತ್ತಿಗೆಯವರೆಗೆ ಒಮ್ಮೆ ಎಳೆದು, ಎಡ ಅಂಗೈಯಿಂದ ಅದರ ಹಿಂದೆಯೇ ಒತ್ತಿಕೊಂಡು ಹೋಗಿ, "ಹೂಂ, ಬನ್ನಿ" ಎನ್ನುತ್ತಿದ್ದರು. ರೋಗಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಪ್ಯಾಡು ಕಟ್ಟುವುದು ಕಮಲಕ್ಕನ ಕೆಲಸ. ಇವರು ಕುರ್ಚಿಯಲ್ಲಿ ಕುಳಿತು ಗುಂಡಿ ತಿರುಗಿಸುತ್ತಿದ್ದರು.

"ಜುಮ್ ಅಂತಾ?"

"ಅಂತದೆ ಡಾಕ್ಟ್ರೇ."

"ಹಾಂ. ಹಾಗಾದ್ರೆ ಹಿಡೀತಿದೆ."

ಏನೂ ಅನ್ನಿಸುತ್ತಿಲ್ಲ ಎಂದರೂ ಅವರ ಹತ್ತಿರ ಉತ್ತರವಿತ್ತು. "ಆಳಕ್ಕೆ ಹೋಗಿದೆ. ಅದಕ್ಕೇ ಮೇಲೆ ಗೊತ್ತಾಗ್ತಿಲ್ಲ."

ಎರಡು ಸಾವಿರದ ಇಸವಿಯಲ್ಲಿ ನಾನು ಆ ನರ್ಸಿಂಗ್ ಹೋಮಿಗೆ ಸೇರಿದೆ. ಮಂಗಳೂರಿನಲ್ಲಿ ನಾಲ್ಕೂವರೆ ವರ್ಷ ಓದಿ ಪದವಿ ಪಡೆದು ಬಂದಿದ್ದೆ. ಇಪ್ಪತ್ತಮೂರು ವರ್ಷ. ಮಾತು ಕಡಿಮೆ. ನನ್ನ ಚೀಲದಲ್ಲಿ ಕೀಲು ಎಷ್ಟು ಮಡಚುತ್ತದೆ, ಎಷ್ಟು ಏಳುತ್ತದೆ ಎಂದು ಅಳೆಯುವ ಪ್ಲಾಸ್ಟಿಕ್ಕಿನ ಕೋನಮಾಪಕವೊಂದಿತ್ತು. ಮೊದಲ ದಿನವೇ ಅವರು ಅದನ್ನು ಎತ್ತಿ, ತಿರುಗಿಸಿ ನೋಡಿ, "ಇದೆಂತದು, ಹೈಸ್ಕೂಲ್ ಮಕ್ಕಳ ಕಂಪಾಸ್ ಪೆಟ್ಟಿಗೆದಾ?" ಎಂದು ಕೇಳಿದರು. ಅದು ಡಿಗ್ರಿ ಅಳೆಯುವ ಸಾಧನ ಎಂದೆ. ಅಂದಿನಿಂದ ನನ್ನ ಹೆಸರು ಡಿಗ್ರಿ ಎಂದಾಯಿತು.

"ಏನಮ್ಮ ಡಿಗ್ರಿ, ಇವತ್ತು ಎಷ್ಟು ಡಿಗ್ರಿ ಬಂತು?" ಎಂದು ರೋಗಿಗಳ ಎದುರೇ ಕೇಳುತ್ತಿದ್ದರು. ಅವರೆಲ್ಲ ನಗುತ್ತಿದ್ದರು. ನಾನು ಸಂಖ್ಯೆ ಹೇಳುತ್ತಿದ್ದೆ. ಸಂಖ್ಯೆ ಕೇಳಿ ಇನ್ನೂ ನಗುತ್ತಿದ್ದರು.

ಯಂತ್ರವನ್ನು ನಾನು ತೆಗಳುತ್ತಿಲ್ಲ. ಶಾಖದಿಂದಲೂ ಜುಮ್ಮೆನ್ನುವ ಕರೆಂಟಿನಿಂದಲೂ ನೋವು ಸ್ವಲ್ಪ ಹೊತ್ತು ತಗ್ಗುತ್ತದೆ, ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ಹಾಗೆ ತಗ್ಗಿದ ಅರ್ಧ ಗಂಟೆಯಲ್ಲಿ ಹಿಡಿದುಕೊಂಡ ಕೀಲನ್ನು ಆಡಿಸಬೇಕು, ಸೊರಗಿದ ತೊಡೆಗೆ ಕೆಲಸ ಕೊಡಬೇಕು. ಯಂತ್ರ ಇರುವುದೇ ಆ ಅರ್ಧ ಗಂಟೆಯನ್ನು ದೊರಕಿಸಿಕೊಡಲು. ಕರೆಂಟ್ ಡಾಕ್ಟ್ರು ಆ ಅರ್ಧ ಗಂಟೆಯಲ್ಲಿ ರೋಗಿಯನ್ನು ಮನೆಗೆ ಕಳಿಸುತ್ತಿದ್ದರು. ಕಳಿಸುವಾಗ ಹೇಳುತ್ತಿದ್ದ ಮಾತೂ ಒಂದೇ: "ರೆಸ್ಟ್ ಮಾಡಿ. ಅಲ್ಲಾಡಿಸ್ಬೇಡಿ." ಸೊಂಟ ನೋವಿಗೂ ಅದೇ, ಮೊಣಕಾಲು ನೋವಿಗೂ ಅದೇ, ಪಾರ್ಶ್ವವಾಯು ಹೊಡೆದು ಎರಡು ತಿಂಗಳು ಮಲಗಿದ್ದವರಿಗೂ ಅದೇ. ಎದ್ದು ಕೂರಿಸಿ, ಮಂಚದ ಅಂಚಿನಲ್ಲಿ ಕಾಲೂರಿಸಿ, ಕುರ್ಚಿಯಿಂದ ಏಳುವುದನ್ನು ಮಗುವಿಗೆ ಕಲಿಸಿದ ಹಾಗೆ ಕಲಿಸಬೇಕಾದವರಿಗೆ ಅವರು ದಿನಾ ಇಪ್ಪತ್ತು ನಿಮಿಷ ಕಾಲಿಗೆ ತಂತಿ ಕಟ್ಟಿಸಿ, ಮತ್ತೆ ಮಲಗಿಸುತ್ತಿದ್ದರು.

ಜನರಿಗೂ ಅದೇ ಹಿತವಾಗಿತ್ತು. ಒಮ್ಮೆ ಒಬ್ಬ ಕಾಫಿ ಪ್ಲಾಂಟರು ಸೊಂಟ ಹಿಡಿದುಕೊಂಡು ಬಂದರು. ದಿನವಿಡೀ ಜೀಪಿನಲ್ಲಿ ಎಸ್ಟೇಟ್ ದಾರಿ ಸುತ್ತುವವರು. ಕರೆಂಟ್ ಡಾಕ್ಟ್ರು ರಜೆಯಲ್ಲಿದ್ದುದರಿಂದ ರೋಗಿ ನನ್ನ ಪಾಲಿಗೆ ಬಂದಿದ್ದರು. ಪರೀಕ್ಷಿಸಿ, ಬೆನ್ನಿನ ಮೂರು ವ್ಯಾಯಾಮ ಹೇಳಿಕೊಟ್ಟು, ಜೀಪಿನ ಸೀಟಿನಲ್ಲಿ ಬೆನ್ನಿಗೆ ಏನು ಒತ್ತು ಕೊಡಬೇಕೆಂದು ತೋರಿಸಿ, ದಿನಾ ಅರ್ಧ ಗಂಟೆ ನಡೆಯಲು ಹೇಳಿದೆ.

"ನಡಿಯೋಕೆ ನಿಮ್ ಹತ್ರ ಯಾಕಮ್ಮ ಬರ್ಬೇಕು?" ಎಂದರು ಅವರು, ನಿಜವಾಗಿಯೂ ನೊಂದುಕೊಂಡು. "ಅದನ್ನ ನಮ್ಮನೆ ನಾಯಿನೂ ಹೇಳುತ್ತೆ. ಕರೆಂಟ್ ಯಾವಾಗ ಇಡ್ತೀರಿ?"

ಮರುದಿನ ಕರೆಂಟ್ ಡಾಕ್ಟ್ರು ಬಂದು ಹತ್ತು ಕರೆಂಟನ್ನೂ ಒಂದು ತಿಂಗಳ ರೆಸ್ಟನ್ನೂ ಬರೆದುಕೊಟ್ಟರು. ಪ್ಲಾಂಟರು ಅವರ ಮನೆಗೆ ಒಂದು ಬುಟ್ಟಿ ಕಿತ್ತಳೆ ಕಳಿಸಿದರೆಂದು ಕಮಲಕ್ಕ ಹೇಳಿದರು.

ಇಷ್ಟೇ ಆಗಿದ್ದರೆ ನಾನು ಹಾರ ಹಾಕುತ್ತಿದ್ದೆನೇನೋ. ಏನೂ ತಿಳಿಯದವರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು? ಅವರಿಗೆ ತಿಳಿಯದು ಎಂದೇ ನಾನು ಬಹಳ ವರ್ಷ ನಂಬಿದ್ದೆ.

ನಾನು ಸೇರಿದ ಮರುವರ್ಷದ ಮಳೆಗಾಲ. ಸರೋಜ ಎಂಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಕಳಸದ ದಾರಿಯ ಎಸ್ಟೇಟೊಂದರ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ, ಗಂಡನ ಜೊತೆ ಇದ್ದವಳು. ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ಲಿನ ಹೊತ್ತಿಗೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆ ಡಾಕ್ಟರು ಆರು ವಾರ ಪ್ಲಾಸ್ಟರ್ ಹಾಕಿ, ಸರಿಯಾಗಿ ಕೂಡಿದೆ ಎಂದು ಬಿಚ್ಚಿ, ಕರೆಂಟ್ ಡಾಕ್ಟ್ರ ಹತ್ತಿರ ಕಳಿಸಿದ್ದರು. ಮಣಿಕಟ್ಟು ಮುರಿದವರಿಗೆ ನಮ್ಮ ಓದಿನಲ್ಲಿ ಹೇಳಿಕೊಡುವ ಮೊದಲ ಪಾಠವೇ, ಪ್ಲಾಸ್ಟರ್ ಇರುವಾಗಲೂ ಬೆರಳು ಆಡಿಸುತ್ತಿರಬೇಕು, ಭುಜ ಎತ್ತುತ್ತಿರಬೇಕು ಎಂದು. ಕರೆಂಟ್ ಡಾಕ್ಟ್ರು ಅವಳ ಕೈಯನ್ನು ಕುತ್ತಿಗೆಯಿಂದ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಡಿಸಿ, ಅಲ್ಲಾಡಿಸಬೇಡ ಎಂದಿದ್ದರು. ಜುಲೈ ಬರುವಷ್ಟರಲ್ಲಿ ಹತ್ತರಂತೆ ಮೂರು ಸಲ ಕರೆಂಟ್ ಆಗಿತ್ತು. ಮುರಿದ ಮೂಳೆ ಎಂದೋ ಕೂಡಿತ್ತು. ಏನೂ ಆಗದಿದ್ದ ಭುಜ ಈಗ ಕಲ್ಲಿನ ಹಾಗೆ ಹಿಡಿದುಕೊಂಡಿತ್ತು.

ಅವಳಿಗೆ ಬೇಕಾಗಿದ್ದುದು ದೊಡ್ಡದೇನೂ ಅಲ್ಲ. ಮುಂದಿನ ಕೊಯ್ಲಿನ ಹೊತ್ತಿಗೆ ಬಲಗೈ ತಲೆಯ ಮೇಲೆ ಹೋಗಬೇಕು. ರೋಬಸ್ಟಾ ಗಿಡದ ತುದಿ ಬಗ್ಗಿಸಬೇಕಾದರೆ ಕೈ ಅಷ್ಟು ಏಳಲೇಬೇಕು. ಕೈ ಏಳದವಳನ್ನು ಕೊಯ್ಲಿಗೆ ಸೇರಿಸುವುದಿಲ್ಲ ಎಂದು ಮೇಸ್ತ್ರಿ ಆಗಲೇ ಹೇಳಿದ್ದನಂತೆ.

ಅದಕ್ಕಿಂತ ಮುಂಚೆ ಅವಳು ಹೇಳಿದ್ದು ಬೇರೆ. "ನನ್ ತುರುಬು ನಾನೇ ಕಟ್ಕೊಳ್ಳೋ ಹಾಗೆ ಆಗ್ಬೇಕು ಅಮ್ಮಾ. ಈಗ ಗಂಡ ಕಟ್ತಾನೆ. ಹಸು ಕಟ್ಟೋ ಗಂಟು ಹಾಕ್ತಾನೆ, ಬಿಚ್ಚೋಕೆ ಕತ್ತಿ ಬೇಕು."

ಅವಳ ಕೂದಲು ದಟ್ಟವಾಗಿ ಸೊಂಟದವರೆಗೂ ಇತ್ತು. ಗಂಟು ನಿಜಕ್ಕೂ ಹಸು ಕಟ್ಟುವ ಗಂಟಿನ ಹಾಗೇ ಇತ್ತು.

ಅವಳು ನನ್ನ ಕೈಗೆ ಸಿಕ್ಕಿದ್ದು ಕರೆಂಟ್ ಹೋದದ್ದರಿಂದ. ಘಾಟಿಯ ಕಡೆ ಮರಗಳು ಕರೆಂಟ್ ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಗಿತ್ತು. ಜನರೇಟರು ಆಪರೇಷನ್ ಕೋಣೆಗೆ ಮಾತ್ರ. ಕರೆಂಟ್ ಡಾಕ್ಟ್ರು ಎರಡು ದಿನ ಯಂತ್ರದ ಮುಂದೆ ಕುಳಿತು ತಲೆ ಬಾಚಿಕೊಂಡು, ಮೂರನೆಯ ದಿನ, "ಕರೆಂಟ್ ಬಂದ್ಮೇಲೆ ಹೇಳಿ ಕಳ್ಸಿ ಕಮಲಕ್ಕ" ಎಂದು ಮನೆಗೆ ಹೋದರು. ಅವರ ಮಾತಿನಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಕರೆಂಟಿಲ್ಲದಿದ್ದರೆ ತಮ್ಮಿಂದ ಏನೂ ಆಗುವುದಿಲ್ಲ ಎಂದು ಒಪ್ಪಿಕೊಂಡದ್ದು.

ಬಂದ ರೋಗಿಗಳೂ ಹಾಗೇ ತಿರುಗಿ ಹೋಗುತ್ತಿದ್ದರು. ಸರೋಜಳ ಅಕ್ಕನ ಮನೆ ಮೂಡಿಗೆರೆಯಲ್ಲೇ ಇದ್ದುದರಿಂದ ಅವಳು ಅಲ್ಲೇ ಉಳಿದುಕೊಂಡಿದ್ದಳು, ಹೋಗುವ ಅವಸರವಿರಲಿಲ್ಲ. ನಾನು ಅವಳನ್ನು ಬೆಳಕಿದ್ದ ವರಾಂಡಕ್ಕೆ ಕರೆದುಕೊಂಡು ಹೋಗಿ ಜೋಳಿಗೆ ಬಿಚ್ಚಿಸಿದೆ. ಅಳೆದೆ. ನಲವತ್ತೈದು ಡಿಗ್ರಿ. ಕೈ ಮುಂದಕ್ಕೆ ಚಾಚಿದರೆ ಭುಜದ ಮಟ್ಟವನ್ನೂ ಮುಟ್ಟುತ್ತಿರಲಿಲ್ಲ.

ಗೋದಾಮಿನಲ್ಲಿ ಬಿದ್ದಿದ್ದ ಬಾವಿಯ ರಾಟೆಯನ್ನು ವರಾಂಡದ ತೊಲೆಗೆ ಕಟ್ಟಿಸಿ, ಹಗ್ಗ ಹಾಕಿ, ಎರಡು ತುದಿಗಳನ್ನು ಅವಳ ಎರಡು ಕೈಗೆ ಕೊಟ್ಟೆ. ಎಡಗೈ ಕೆಳಗೆ ಎಳೆದರೆ ಬಲಗೈ ತಾನಾಗಿ ಮೇಲೆ ಹೋಗುತ್ತದೆ. ಆಮೇಲೆ ಗೋಡೆ ಹತ್ತುವುದು: ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಮೇಲೆ ನಡೆಸುವುದು. ನೋವು ಬಂದಲ್ಲಿ ನಿಂತು, ಹತ್ತು ಎಣಿಸಿ, ಇನ್ನೊಂದು ಹೆಜ್ಜೆ. ದಿನದ ಕೊನೆಗೆ ಬೆರಳು ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಅದು ಹಳೆಯ ಕಟ್ಟಡ. ಸ್ವಿಚ್ ಬೋರ್ಡು ಬಹಳ ಎತ್ತರದಲ್ಲಿತ್ತು.

"ಆ ಸ್ವಿಚ್ ಮುಟ್ಟಿದ ದಿನ ನಿಮ್ಮ ತುರುಬು ನೀವೇ ಕಟ್ಕೊಳ್ತೀರಿ," ಎಂದೆ.

"ಕರೆಂಟ್ ಇಲ್ದಿರೋ ಸ್ವಿಚ್ ಮುಟ್ಟಿ ಎಂತ ಮಾಡೋದು ಅಮ್ಮಾ?" ಎಂದು ನಕ್ಕಳು. ಆಮೇಲೆ ಹಲ್ಲು ಕಚ್ಚಿ ಹತ್ತಿದಳು. ನೋವಿಗೆ ಅವಳು ಅಳುತ್ತಿರಲಿಲ್ಲ, ಮೇಸ್ತ್ರಿಯನ್ನು ಬಯ್ಯುತ್ತಿದ್ದಳು. ಒಂದೊಂದು ಹೆಜ್ಜೆಗೂ ಒಂದೊಂದು ಬೈಗುಳ. ವರಾಂಡದಲ್ಲಿ ಹಾದುಹೋಗುವವರು ನಿಂತು ಕೇಳುತ್ತಿದ್ದರು.

ಕರೆಂಟ್ ಡಾಕ್ಟ್ರು ಮನೆಗೆ ಹೋದ ಮೇಲೆ ಹದಿನೆಂಟು ದಿನ ಕರೆಂಟ್ ಇರಲಿಲ್ಲ. ಹದಿನೆಂಟು ಗೆರೆ ಎಳೆದೆ. ಕೊನೆಯ ಗೆರೆ ಸ್ವಿಚ್ ಬೋರ್ಡಿಗಿಂತ ನಾಲ್ಕು ಬೆರಳು ಕೆಳಗಿತ್ತು. ನೂರ ಹತ್ತು ಡಿಗ್ರಿ. ಆ ದಿನ ಅವಳ ಬೆರಳ ತುದಿ ಮೊದಲ ಸಲ ಅವಳ ತುರುಬಿಗೆ ತಗುಲಿತು. ಕಟ್ಟುವುದಕ್ಕೆ ಆಗಲಿಲ್ಲ, ಬರೀ ತಗುಲಿತು. "ಸಿಕ್ತು! ಸಿಕ್ತು ಅಮ್ಮಾ!" ಎಂದು ಕಳೆದುಹೋದ ವಸ್ತು ಸಿಕ್ಕವಳ ಹಾಗೆ ಕೂಗಿದಳು.

ಆಗಲೇ ವರಾಂಡದ ಬಲ್ಬು ಹತ್ತಿಕೊಂಡಿತು.

ಅರ್ಧ ಗಂಟೆಯಲ್ಲಿ ಕರೆಂಟ್ ಡಾಕ್ಟ್ರು ಬಂದರು. ಬಾಚಣಿಗೆ ಎಳೆಯುತ್ತ ವರಾಂಡಕ್ಕೆ ಬಂದು ರಾಟೆ ನೋಡಿದರು, ಗೆರೆಗಳನ್ನು ನೋಡಿದರು. ಅವುಗಳನ್ನು ಕೆಳಗಿನಿಂದ ಮೇಲಿನವರೆಗೆ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ್ದು ನನಗೆ ಆಮೇಲೆ ನೆನಪಾಯಿತು.

"ಕೈ ಎತ್ತು ನೋಡುವ ಸರೋಜ."

ಅವಳು ಎತ್ತಿದಳು.

"ನೋಡಿದ್ಯಾ?" ಎಂದು ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. "ನಾ ಹಿಂದೆ ಕೊಟ್ಟ ಮೂವತ್ತು ಕರೆಂಟ್ ಈಗ ಹಿಡೀತು."

ಹಿಡೀತು, ಹಿಡೀತು ಎಂದು ಕಮಲಕ್ಕನೂ ಹೇಳಿದರು. ಹದಿನೆಂಟು ದಿನ ಹಗ್ಗ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದವರು ಅವರು.

"ಇನ್ನು ಎರಡು ತಿಂಗಳು ವ್ಯಾಯಾಮ ಬಿಡಬಾರದು," ಎಂದೆ ನಾನು.

"ಏ ಡಿಗ್ರಿ, ಸಾಕಮ್ಮ. ಎಳೆದೂ ಎಳೆದೂ ಕೂಡಿದ ಎಲುಬನ್ನ ಬಿಡಿಸ್ಬಿಟ್ಟೀಯ. ನೋಡು ಸರೋಜ, ಹಿಡಿದ ಕರೆಂಟ್ ನಿಲ್ಬೇಕು ಅಂದ್ರೆ ಕೈ ಅಲ್ಲಾಡಿಸ್ಬಾರ್ದು. ಜೋಳಿಗೆ ಹಾಕ್ಕೋ. ಇನ್ನು ಹತ್ತು ಇಡೋಣ."

ಸರೋಜ ನನ್ನ ಕಡೆ ನೋಡಿದಳು. ಎಲುಬು ಬಿಟ್ಟುಹೋಗುತ್ತದೆ ಎಂಬ ಮಾತಿಗೆ ಅವಳ ಮುಖ ಬಿಳುಚಿಕೊಂಡಿತ್ತು. ಹಾಗೇನೂ ಆಗುವುದಿಲ್ಲ ಎಂದು ನಾನು ಆಗ ಗಟ್ಟಿಯಾಗಿ ಹೇಳಬೇಕಿತ್ತು. ಮೂಳೆ ಡಾಕ್ಟರನ್ನು ಕರೆಸಿ ಹೇಳಿಸಬಹುದಿತ್ತು. ಗೋಡೆಯ ಮೇಲೆ ಹದಿನೆಂಟು ಗೆರೆಗಳಿವೆ, ಅವೇ ಹೇಳುತ್ತವೆ ಎಂದುಕೊಂಡು ಒಳಗೆ ಹೋಗಿ ಕೋನಮಾಪಕವನ್ನು ಚೀಲದಲ್ಲಿಟ್ಟೆ. ಮುಂದಿನ ವಾರ ವರಾಂಡಕ್ಕೆ ಸುಣ್ಣ ಹೊಡೆಸಿದರು.

ನಾಲ್ಕು ವರ್ಷ ಅವಳನ್ನು ನೋಡಲಿಲ್ಲ. ಅಷ್ಟರಲ್ಲಿ ಕರೆಂಟ್ ಡಾಕ್ಟ್ರು ನಿವೃತ್ತರಾಗಿ, ಮನೆಯ ಮುಂದಿನ ಕೋಣೆಯಲ್ಲೇ ಒಂದು ಯಂತ್ರ ಇಟ್ಟುಕೊಂಡಿದ್ದರು. ನನ್ನ ಹತ್ತಿರ ಬರುವವರ ಸಂಖ್ಯೆ ಅದರಿಂದ ಹೆಚ್ಚಲಿಲ್ಲ. ಒಂದು ಜನವರಿಯಲ್ಲಿ ಕಳಸದ ದಾರಿಯ ಆ ಎಸ್ಟೇಟಿಗೇ ಹೋಗಬೇಕಾಗಿ ಬಂತು. ಯಜಮಾನರ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಮಡಚಲು, ಮೆಟ್ಟಿಲು ಹತ್ತಲು ಕಲಿಸಬೇಕಿತ್ತು. ಕೆಲಸ ಮುಗಿಸಿ ಹೊರಗೆ ಬಂದಾಗ ಕಣದಲ್ಲಿ ಒಬ್ಬಳು ಎಡಗೈಯಲ್ಲಿ ಕಾಫಿ ಹರಡುತ್ತಿದ್ದಳು. ತಲೆ ಗಂಡಸರ ಹಾಗೆ ಕತ್ತರಿಸಿತ್ತು.

"ಅಮ್ಮಾ!" ಎಂದು ಅವಳೇ ಕೂಗಿದ ಮೇಲೆ ಗುರುತು ಸಿಕ್ಕಿತು.

ನನ್ನ ಕಣ್ಣು ಹೋದ ಕಡೆ ನೋಡಿ ತಲೆ ಸವರಿಕೊಂಡಳು, ಎಡಗೈಯಿಂದ. "ಕೇಳ್ದೋರಿಗೆಲ್ಲ ಧರ್ಮಸ್ಥಳಕ್ಕೆ ಮುಡಿ ಕೊಟ್ಟೆ ಅಂತೀನಿ. ನಿಮ್ಗೆ ಯಾಕೆ ಸುಳ್ಳು ಹೇಳ್ಲಿ? ದಿನಾ ಎಷ್ಟು ಅಂತ ಆ ಮನುಷ್ಯನ ಹತ್ರ ಕಟ್ಟಿಸ್ಕೊಳ್ಳೋದು. ಅವನಿಗೂ ಬೇಜಾರು, ನಂಗೂ ಬೇಜಾರು. ಕತ್ರಿಸ್ಬಿಡು ಅಂದೆ."

"ಕರೆಂಟ್?"

"ಇನ್ನು ಹತ್ತು ಅಂದ್ರು, ಆಯ್ತು. ಆಮೇಲೆ ಇನ್ನು ಹತ್ತು. ಎಲ್ಲಾರ್ಗೂ ಹಿಡೀತದೆ, ನಂಗೇ ಹಿಡೀಲಿಲ್ಲ. ನನ್ ಮೈಯೇ ಹಾಗೆ ಕಾಣ್ತದೆ."

ಕೈ ಎತ್ತಲು ಹೇಳಿದೆ. ಅಳೆಯುವ ಅಗತ್ಯವಿರಲಿಲ್ಲ. ಭುಜದ ಮಟ್ಟಕ್ಕೆ ಬಂದು ನಿಂತಿತು. ಅವಳನ್ನು ಕೊಯ್ಲಿನಿಂದ ತೆಗೆದಿದ್ದರು. ಗಂಡನ ಕೆಲಸವಿದ್ದುದರಿಂದ ಲೈನ್ ಮನೆ ಉಳಿದಿತ್ತು. ಕಣ ಕಾಯುವುದು, ಆಮೇಲೆ ನರ್ಸರಿಯಲ್ಲಿ ಕುಳಿತು ಚೀಲಕ್ಕೆ ಮಣ್ಣು ತುಂಬುವುದು. ಈಗಲಾದರೂ ಬನ್ನಿ, ಆಗುವಷ್ಟು ಮಾಡೋಣ ಎಂದೆ. "ಬರ್ತೀನಿ ಅಮ್ಮಾ," ಎಂದಳು. ಬರಲಿಲ್ಲ. ತನ್ನ ಮೈಯೇ ಸರಿಯಿಲ್ಲ ಎಂದು ತೀರ್ಮಾನಿಸಿದವಳು ಯಾಕೆ ಬರುತ್ತಾಳೆ?

ಅದೇ ವರ್ಷದ ಕೊನೆಗೆ ಕರೆಂಟ್ ಡಾಕ್ಟ್ರ ಹೆಂಡತಿ ನರ್ಸಿಂಗ್ ಹೋಮಿಗೆ ಫೋನ್ ಮಾಡಿದರು.

"ನಿಮ್ಮನ್ನ ಒಂದ್ಸಲ ಮನೆಗೆ ಬರೋಕೆ ಹೇಳ್ತಿದ್ದಾರೆ. ಯಾರಿಗೂ ಹೇಳೋದು ಬೇಡ್ವಂತೆ."

ಹೋದೆ. ಮುಂದಿನ ಕೋಣೆಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಯಾರೋ ಅದರ ಮುಂದೆ ಪ್ಯಾಡು ಕಟ್ಟಿಸಿಕೊಂಡು ಕುಳಿತಿದ್ದರು. ಡಾಕ್ಟ್ರ ಹೆಂಡತಿ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ, ತಾವೂ ಒಳಗೆ ಬಂದು, ಬಾಗಿಲ ಮೇಲಿನ ಚಿಲಕ ಹಾಕಿದರು. "ಪೇಶಂಟ್‌ಗಳು ನೋಡ್ಬಾರ್ದು ನೋಡಿ," ಎಂದರು.

ಕರೆಂಟ್ ಡಾಕ್ಟ್ರು ಬನಿಯನ್ನಿನಲ್ಲಿ ಕುಳಿತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತಂತೆ. ಊರಿನಲ್ಲಿ ಯಾರಿಗೂ ತಿಳಿಯಬಾರದೆಂದು ಮಂಗಳೂರಿಗೆ ಹೋಗಿ ಪ್ಲಾಸ್ಟರ್ ಹಾಕಿಸಿ, ಅಲ್ಲೇ ನೆಂಟರ ಮನೆಯಲ್ಲಿದ್ದು, ಬಿಚ್ಚಿಸಿಕೊಂಡು ಬಂದಿದ್ದರು. ಕೂದಲು ಮುಂದೆ ಮಾತ್ರ ಬಾಚಿತ್ತು. ಹಿಂದೆ ಕೆದರಿ ನಿಂತಿತ್ತು.

"ಬಾ ಡಿಗ್ರಿ," ಎಂದರು. "ಇಲ್ಲಿವರೆಗೂ ತಂದಿದೀನಿ. ಮುಂದೆ ಹೋಗ್ತಿಲ್ಲ. ಎಲ್ಲಿ ತಪ್ಪು ಮಾಡ್ತಿದೀನಿ ನೋಡು."

ಅವರು ತೋರಿಸಿದ ಕಡೆ ನೋಡಿದೆ. ಮುಚ್ಚಿದ ಬಾಗಿಲಿನ ಹಿಂಭಾಗದಲ್ಲಿ, ಎದೆಯ ಮಟ್ಟದಿಂದ ಮೇಲಕ್ಕೆ, ಪೆನ್ಸಿಲಿನ ಗೆರೆಗಳಿದ್ದವು. ಒಂದೊಂದರ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ತಾರೀಖು. ಕೊನೆಯ ಗೆರೆ ಮೇಲಿನ ಚಿಲಕಕ್ಕಿಂತ ಎರಡು ಬೆರಳು ಕೆಳಗಿತ್ತು.

"ದಿನಕ್ಕೆ ಮೂರು ಸಲ ಹತ್ತಿಸ್ತೀನಿ. ಪ್ಲಾಸ್ಟರ್ ಇರೋವಾಗ್ಲೇ ಬೆರಳು ಆಡಿಸ್ತಿದ್ದೆ, ಭುಜಾನೂ ಎತ್ತುತಿದ್ದೆ. ನೀನು ಆ ಸರೋಜಂಗೆ ಮಾಡಿಸ್ತಿದ್ಯಲ್ಲ, ಅದೇ."

ಹೆಸರು ಕೂಡ ನೆನಪಿತ್ತು.

"ಜೋಳಿಗೆ ಹಾಕ್ಕೊಳ್ಲಿಲ್ವಾ ಸರ್?" ಎಂದು ಕೇಳಿದೆ.

"ಎರಡು ದಿನ. ಜಾಸ್ತಿ ಹಾಕಿದ್ರೆ ಭುಜ ಹಿಡೀತದಲ್ಲ."

"ಕರೆಂಟ್?"

ಅವರು ನಕ್ಕರು. ಅವರಿಗೆ ನಾಚಿಕೆಯಾಗಿದ್ದರೆ ನನಗೆ ಅದು ಕಾಣುತ್ತಿತ್ತು, ಹತ್ತಿರದಿಂದಲೇ ನೋಡುತ್ತಿದ್ದೆ. ತರಗತಿಯಲ್ಲಿ ಮಕ್ಕಳು ಪೆದ್ದು ಪ್ರಶ್ನೆ ಕೇಳಿದಾಗ ಮೇಷ್ಟ್ರು ನಗುವ ನಗು ಅದು.

"ತಮಾಷೆ ಮಾಡ್ತೀಯಾ? ನಂಗೆ ಕೈ ಬೇಕು ಮಾರಾಯ್ತಿ."

ನಾನು ಅವರಿಗೆ ಚಿಕಿತ್ಸೆ ಕೊಟ್ಟೆ. ಕೊಡಲಾರೆ ಎಂದು ಎದ್ದು ಬರಬಹುದಿತ್ತು. ಕಲಿತ ವಿದ್ಯೆಗೆ ಆ ಸ್ವಾತಂತ್ರ್ಯವಿಲ್ಲ ಎಂದು ಆಗ ನನಗೆ ಅನ್ನಿಸಿತು. ಬೆನ್ನಿನ ಹಿಂದೆ ಟವೆಲ್ ಎಳೆಯುವುದು, ಕೋಲು ಹಿಡಿದು ಎರಡೂ ಕೈ ಎತ್ತುವುದು, ಮಲಗಿ ಭುಜದ ಕೀಲನ್ನು ಸಡಿಲಿಸುವುದು. ನಾಲ್ಕು ವಾರ, ವಾರಕ್ಕೆ ಮೂರು ದಿನ, ಚಿಲಕ ಹಾಕಿದ ಕೋಣೆಯಲ್ಲಿ. ಒಂದು ಮಾತನ್ನು ನಾನು ಮುಚ್ಚಿಡಬಾರದು: ನನ್ನ ಕೈಗೆ ಬಂದ ರೋಗಿಗಳಲ್ಲೆಲ್ಲ ಅವರೇ ಉತ್ತಮರು. ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ನೋವಾಯಿತೆಂದು ನಿಲ್ಲಿಸಲಿಲ್ಲ. ಎಷ್ಟು ಡಿಗ್ರಿ ಬಂತು ಎಂದು ಪ್ರತಿ ಸಲವೂ ಕೇಳಿ ತಿಳಿದುಕೊಂಡರು. ಈ ಸಲ ಯಾರೂ ನಗಲಿಲ್ಲ.

ಕೊನೆಯ ದಿನ ಅಳೆದೆ. ನೂರ ಎಪ್ಪತ್ತು. ಬಾಗಿಲ ಮೇಲೆ ಕೊನೆಯ ಗೆರೆಯನ್ನು ಅವರೇ ಎಳೆದರು, ಚಿಲಕಕ್ಕಿಂತ ಒಂದು ಗೇಣು ಮೇಲೆ. ಆಗಲೇ ಹೊರಗೆ ಯಂತ್ರದ ಗಂಟೆ ಟಿಣ್ ಎಂದಿತು. ಯಾರದೋ ಇಪ್ಪತ್ತು ನಿಮಿಷ ಮುಗಿದಿತ್ತು. ಅವರು ಕೋಟು ಹಾಕಿಕೊಂಡರು. ಬಲಗೈಯಲ್ಲಿ ಬಾಚಣಿಗೆ ತೆಗೆದು, ಹಣೆಯಿಂದ ಕುತ್ತಿಗೆಯವರೆಗೆ ಸರಾಗವಾಗಿ ಎಳೆದುಕೊಂಡರು. ಅದೇ ಕೈ ಎತ್ತಿ ಚಿಲಕ ತೆಗೆದು ಹೊರಗೆ ನಡೆದರು.

ಯಂತ್ರದ ಮುಂದೆ ಐವತ್ತರ ಒಬ್ಬ ಮನುಷ್ಯ, ಡ್ರೈವರನ ಖಾಕಿ ಅಂಗಿ ತೊಟ್ಟವನು, ಡಾಕ್ಟ್ರ ಹೆಂಡತಿಯ ಕೈಯಲ್ಲಿ ಪ್ಯಾಡು ಬಿಚ್ಚಿಸಿಕೊಂಡು ಕುಳಿತಿದ್ದ. ಬಲಗೈ ಜೋಳಿಗೆಯಲ್ಲಿತ್ತು.

"ಜುಮ್ ಅಂತಾ?"

"ಅಷ್ಟೇನಿಲ್ಲ ಡಾಕ್ಟ್ರೇ."

"ಆಳಕ್ಕೆ ಹೋಗಿದೆ. ಕೈ ಅಲ್ಲಾಡಿಸ್ಬೇಡ. ಇನ್ನು ಹತ್ತು ಇಟ್ಟು ನೋಡೋಣ."

ಏನಾಗಿತ್ತು, ಎಷ್ಟು ದಿನವಾಯಿತು ಎಂದು ನಾನು ಆ ಮನುಷ್ಯನನ್ನು ಕೇಳಿದೆ. ಮೊಣಕೈ ಹತ್ತಿರ ಬಿರುಕು ಬಿಟ್ಟಿತ್ತು, ಮೂರು ತಿಂಗಳಾಯಿತು, ಎಲುಬು ಕೂಡಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ ಎಂದ. ನಾನು ಅವನ ಹಿಂದೆ ಹೋಗಿ ಕುತ್ತಿಗೆಯ ಗಂಟು ಬಿಚ್ಚಿದೆ. ಜೋಳಿಗೆ ಕೆಳಗೆ ಬಿತ್ತು.

"ಕೈ ಎತ್ತಿ," ಎಂದೆ. "ಎಲುಬಿಗೆ ಏನೂ ಆಗಲ್ಲ. ಎತ್ತದಿದ್ರೇ ಆಗೋದು. ಇವ್ರ ಕೈನೂ ಹಾಗೇ ಸರಿಯಾಗಿದ್ದು. ಒಳಗೆ ಬಾಗಿಲ ಹಿಂದೆ ಗೆರೆಗಳಿವೆ, ಬೇಕಾದ್ರೆ ಬಂದು ನೋಡಿ."

ಅಷ್ಟು ಮಾತನ್ನು ಒಂದೇ ಉಸಿರಿಗೆ ನಾನು ಎಂದೂ ಆಡಿದವಳಲ್ಲ. ಐದು ವರ್ಷ ತಡವಾಗಿ ಆಡಿದೆ.

ಡ್ರೈವರು ನನ್ನ ಮುಖ ನೋಡಿದ. ಕರೆಂಟ್ ಡಾಕ್ಟ್ರ ಮುಖ ನೋಡಿದ. ಅವರು ಬೇಸರವನ್ನೂ ತೋರಿಸಲಿಲ್ಲ. "ಓದಿದ ಹುಡುಗಿ," ಎಂದು ಸುಮ್ಮನೆ ಕ್ಷಮಿಸುವವರ ಹಾಗೆ ನಕ್ಕರು. ಡ್ರೈವರು ಬಗ್ಗಿ ಎಡಗೈಯಿಂದ ಜೋಳಿಗೆಯನ್ನು ಎತ್ತಿಕೊಂಡು, ಅದರೊಳಗೆ ಕೈ ಇಳಿಸಿದ. ಗಂಟು ಹಾಕಲು ಅವನಿಗೆ ಆಗಲಿಲ್ಲ. ಒಂದೇ ಕೈಯಲ್ಲಿ ಕುತ್ತಿಗೆಯ ಹಿಂದೆ ಗಂಟು ಹಾಕಲು ಯಾರಿಗೂ ಬರುವುದಿಲ್ಲ.

ಕರೆಂಟ್ ಡಾಕ್ಟ್ರು ಅವನ ಹಿಂದೆ ನಿಂತು ಗಂಟು ಹಾಕಿಕೊಟ್ಟರು. ಅವರು ಒಬ್ಬ ರೋಗಿಯನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರ ಎರಡೂ ಕೈ ಚೆನ್ನಾಗಿ ಮೇಲೆ ಹೋಗುತ್ತಿದ್ದವು.